ಮನುಷ್ಯನಿಗಿಂತ ಮೊದಲು ಹೋದವರು



ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಹೆಸರು ನಿಮಗೆಲ್ಲ ಗೊತ್ತು. ಅವರಿಗಿಂತ 14 ವರ್ಷ ಮೊದಲೇ ಬಾಹ್ಯಾಕಾಶದ ಅಂಚು ಮುಟ್ಟಿ ಬಂದದ್ದು ಮಾಗಿದ ಬಾಳೆಹಣ್ಣಿಗೆ ಮುತ್ತುತ್ತದಲ್ಲ, ಆ ಪುಟ್ಟ ನೊಣ. 1947ರ ಫೆಬ್ರವರಿಯಲ್ಲಿ ಅಮೆರಿಕದವರು ಜರ್ಮನಿಯಿಂದ ವಶಪಡಿಸಿಕೊಂಡಿದ್ದ ವಿ-2 ರಾಕೆಟ್ಟಿನಲ್ಲಿ ಹಣ್ಣುನೊಣಗಳನ್ನು 100 ಕಿ.ಮೀ.ಗೂ ಮೇಲಕ್ಕೆ ಕಳಿಸಿದರು. ಅಲ್ಲಿನ ವಿಕಿರಣ ಜೀವಕ್ಕೆ ಏನು ಮಾಡುತ್ತದೆ ಎಂದು ತಿಳಿಯಬೇಕಿತ್ತು. ನೊಣಗಳು ಬದುಕಿ ಬಂದವು.

ಲೈಕಾಗೆ ಆ ಭಾಗ್ಯವಿರಲಿಲ್ಲ. ಅದು ಮಾಸ್ಕೋದ ಬೀದಿನಾಯಿ. ಚಳಿ, ಹಸಿವು ತಡೆದು ಬದುಕಿದ್ದೇ ಅದಕ್ಕಿದ್ದ ಅರ್ಹತೆ. ಹಾರಾಟಕ್ಕೆ ಮುಂಚೆ ವೈದ್ಯ ಯಾಜ್ದೋವ್‌ಸ್ಕಿ ಅದನ್ನು ಮನೆಗೆ ಕರೆದೊಯ್ದು ತಮ್ಮ ಮಕ್ಕಳೊಂದಿಗೆ ಆಡಲು ಬಿಟ್ಟರು. ಏಕೆಂದರೆ 1957ರ ನವೆಂಬರ್ 3ರಂದು ಹಾರಿದ ಸ್ಪುಟ್ನಿಕ್-2ರಲ್ಲಿ ಮರಳಿ ಇಳಿಯುವ ಏರ್ಪಾಡೇ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಒಳಗಿನ ಬಿಸಿ ಏರಿ ಲೈಕಾ ಸತ್ತಿತು. ಆ ಸತ್ಯ ಹೊರಬಂದದ್ದು 2002ರಲ್ಲಿ.

1960ರಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಎಂಬ ನಾಯಿಗಳು ಭೂಮಿಯನ್ನು ಸುತ್ತಿ ಸುರಕ್ಷಿತವಾಗಿ ಇಳಿದವು. ಮರುವರ್ಷ ಹ್ಯಾಮ್ ಎಂಬ ಚಿಂಪಾಂಜಿಯ ಸರದಿ. ದೀಪ ಹೊತ್ತಿದೊಡನೆ ಅದು ಸನ್ನೆಕೋಲು ಒತ್ತಬೇಕು. ತಡವಾದರೆ ಅಂಗಾಲಿಗೆ ಶಾಕ್. ತೂಕವಿಲ್ಲದ ಸ್ಥಿತಿಯಲ್ಲೂ ಕೈ, ಬುದ್ಧಿ ಎರಡೂ ನಡೆಯುತ್ತವೆಂದು ಹ್ಯಾಮ್ ತೋರಿಸಿಕೊಟ್ಟಿತು. ಮನುಷ್ಯರು ಹೊರಟದ್ದು ಆಮೇಲೆ.

ಈಗ ಪ್ರಶ್ನೆ ಬದಲಾಗಿದೆ. ಹೋಗಿ ಬರಬಹುದೇ ಎಂದು ಕೇಳುತ್ತಿದ್ದವರು, ಅಲ್ಲೇ ಬೆಳೆದು ಉಣ್ಣಬಹುದೇ ಎಂದು ಕೇಳುತ್ತಿದ್ದಾರೆ. 2025ರಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯದ ಮೊಳಕೆ ಬರಿಸಿದರು. ಆ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಅದೇ ಯಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಟಾರ್ಡಿಗ್ರೇಡ್ ಎಂಬ ಸೂಕ್ಷ್ಮಜೀವಿಯನ್ನೂ ಕಳಿಸಿತ್ತು.

ಮಕ್ಕಳೇ, ಲೈಕಾಗೆ ತರಬೇತಿ ಕೊಟ್ಟ ವಿಜ್ಞಾನಿ ಒಲೆಗ್ ಗಜೆಂಕೊ 1998ರಲ್ಲಿ ಪಶ್ಚಾತ್ತಾಪಪಟ್ಟರು: ಆ ನಾಯಿಯ ಸಾವನ್ನು ಸಮರ್ಥಿಸುವಷ್ಟು ನಾವೇನೂ ಕಲಿಯಲಿಲ್ಲ ಎಂದರು. ಈ ಪ್ರದರ್ಶನದ ಒಂದೊಂದು ಚಿತ್ರದ ಮುಂದೆಯೂ ಅದೇ ಲೆಕ್ಕ ಹಾಕಿ: ಇದರಿಂದ ಕಲಿತದ್ದೇನು, ಇದು ತೆತ್ತದ್ದೇನು? ನಾಳೆ ನಿಮ್ಮಲ್ಲೊಬ್ಬರು ಇಂಥ ಪ್ರಯೋಗ ರೂಪಿಸುವಾಗ ಈ ಲೆಕ್ಕವನ್ನು ಮೊದಲೇ ಹಾಕಬೇಕು.

ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ.