ತಾತನ ಮನೆ ಗೋಡೆಯ ಜಿಂಕೆ ಮತ್ತು 90 ದಿನದ ಲೆಕ್ಕ

ಇವತ್ತಿನ ಕತೆ ಒಂದು ರೀಲ್‌ನಿಂದ ಶುರುವಾಗುತ್ತೆ. ಅಮೆರಿಕದ ಯಾವುದೋ ಚಿಕ್ಕ ಊರು, ಬೇಟೆ ಸೀಸನ್. ಒಬ್ಬ ಪಿಕಪ್ ಗಾಡಿಯಲ್ಲಿ ಜಿಂಕೆ ತಂದು ಅಂಗಡಿ ಮುಂದೆ ಇಳಿಸ್ತಾನೆ. ಅಂಗಡಿಯವರು ಟ್ಯಾಗ್ ನೋಡಿ ರಸೀದಿ ಬರೀತಾರೆ. ಮಾಂಸ ಕತ್ತರಿಸಿ ಪ್ಯಾಕ್ ಮಾಡ್ತಾರೆ, ತಲೆ ಬೇಕು ಅಂದ್ರೆ ಗೋಡೆಗೆ ಹಾಕೋ ಹಾಗೆ ಮಾಡಿಕೊಡ್ತಾರೆ. ನಮ್ಮೂರ ಹಿಟ್ಟಿನ ಗಿರಣಿ ಥರನೇ. ರಾಗಿ ನಿಮ್ಮದು, ಬೀಸೋದು ನಮ್ಮದು. ನಾನು ಬಿಕಾಂ ಓದಿದವನು, ನಮ್ಮ ಭಾಷೆಯಲ್ಲಿ ಇದು ಜಾಬ್ ವರ್ಕ್.

ಕಾಮೆಂಟ್‌ನಲ್ಲಿ ಒಬ್ಬರು ‘ನಮ್ಮಲ್ಲಿ ಇಂಥದ್ದೆಲ್ಲ ಇರಲಿಲ್ಲ, ಪುಣ್ಯ’ ಅಂತ ಬರೆದಿದ್ರು. ಇತ್ತು ಸ್ವಾಮಿ. ಇದೇ ಕೆಲಸದಲ್ಲಿ ಪ್ರಪಂಚಕ್ಕೇ ಹೆಸರಾದ ಕಾರ್ಖಾನೆ ಇದ್ದದ್ದು ನಮ್ಮ ಮೈಸೂರಲ್ಲಿ. ವಾನ್ ಇಂಗೆನ್ ಅಂಡ್ ವಾನ್ ಇಂಗೆನ್. 1900ರ ಸುಮಾರಿಗೆ ಯೂಜೀನ್ ವಾನ್ ಇಂಗೆನ್ ಶುರು ಮಾಡಿದ್ರು, ಆಮೇಲೆ ಮಕ್ಕಳು ನಡೆಸಿದ್ರು. ಈ ಕಂಪನಿ ಬಗ್ಗೆ ಪುಸ್ತಕ ಬರೆದ ಪ್ಯಾಟ್ ಮಾರಿಸ್ ಅವರ ಲೆಕ್ಕದಲ್ಲಿ, ಇವರ ಕೈ ದಾಟಿಹೋದ ಹುಲಿ, ಚಿರತೆಗಳೇ 43,000ಕ್ಕೂ ಹೆಚ್ಚು. ಜಿಂಕೆ, ಕಡವೆ, ಕಾಟಿ ಬೇರೆ.

ಕೆಲಸ ಹೀಗೆ. ಬೇಟೆಗಾರ ಅವತ್ತೇ ಚರ್ಮ ಸುಲಿದು ಉಪ್ಪು ತಿಕ್ಕಬೇಕು. ಕಿವಿ, ತುಟಿ ಹತ್ರ ಉಪ್ಪು ತಾಗದೆ ಇದ್ರೆ ಕೂದಲು ಉದುರಿಹೋಗುತ್ತೆ. ಮಾಂಸ ಕ್ಯಾಂಪಲ್ಲೇ ಖರ್ಚಾಗ್ತಿತ್ತು, ಮೈಸೂರಿಗೆ ಹೋಗ್ತಿದ್ದದ್ದು ಚರ್ಮ, ಕೊಂಬು, ತಲೆಬುರುಡೆ. ಅಲ್ಲಿ ಚರ್ಮ ಹದ ಮಾಡಿ, ಕಾಗದದ ತಿರುಳಿಂದ ಅಚ್ಚು ಹಾಕಿದ ಆಕಾರದ ಮೇಲೆ ಹೊದಿಸಿ ಹೊಲಿಯೋರು. ಕಣ್ಣು ಗಾಜಿನದ್ದು. ಮೂಗಿನ ಮೇಲಿನ ಆ ಒದ್ದೆ ಹೊಳಪು ಇದೆಯಲ್ಲ, ಅದು ಬಣ್ಣ.

ಇದೆಲ್ಲ ನನಗ್ಯಾಕೆ ಗೊತ್ತು ಅಂದ್ರೆ, ಮಧುಗಿರಿ ಕಡೆ ನಮ್ಮ ತಾತನ ಮನೆ ನಡುಮನೆಯಲ್ಲಿ ಇಂಥದ್ದೊಂದು ತಲೆ ಇದೆ. ತಾತನ ಅಪ್ಪ ಹೊಡೆದದ್ದಂತೆ. ಮನೆಯವರೆಲ್ಲ ಜಿಂಕೆ ಅಂತಾರೆ, ಸರಿಯಾಗಿ ಹೇಳಬೇಕಂದ್ರೆ ಕೃಷ್ಣಮೃಗ. ಜಿಂಕೆಯ ಕೊಂಬು ವರ್ಷವರ್ಷ ಉದುರುತ್ತೆ, ಇದರದ್ದು ಉದುರಲ್ಲ, ಸ್ಕ್ರೂ ಥರ ಸುತ್ತಿಕೊಂಡು ಮೇಲಕ್ಕೆ ಹೋಗುತ್ತೆ. ಚಿಕ್ಕವನಿದ್ದಾಗ ರಾತ್ರಿ ನೀರು ಕುಡಿಯೋಕೆ ಎದ್ದರೆ ಆ ಗಾಜಿನ ಕಣ್ಣು ನನ್ನನ್ನೇ ನೋಡ್ತಿತ್ತು. ಈಗಲೂ ಅದರ ಕೆಳಗೆ ನಾನು ಮಲಗಲ್ಲ.

ಹೋದ ವರ್ಷ ತಾತ ತೀರಿಕೊಂಡ್ರು. ತಿಥಿ ದಿನ ಊಟ ಆದ್ಮೇಲೆ ಚಿಕ್ಕಪ್ಪ, ‘ಜಿಂಕೆ ನನಗಿರಲಿ ಕಣೋ, ಬೆಂಗಳೂರಿನ ಫ್ಲ್ಯಾಟಿಗೆ ಚೆನ್ನಾಗಿರುತ್ತೆ’ ಅಂದ್ರು. ಯಾರೂ ಬೇಡ ಅನ್ನಲಿಲ್ಲ. ನನಗೆ ಮಾತ್ರ 2023ರ ಹುಲಿ ಉಗುರಿನ ಗಲಾಟೆ ನೆನಪಾಯ್ತು. ಕುತ್ತಿಗೆಯಲ್ಲಿ ಪೆಂಡೆಂಟ್ ಹಾಕ್ಕೊಂಡಿದ್ದಕ್ಕೆ ರಿಯಾಲಿಟಿ ಶೋ ಮನೆಯಿಂದಲೇ ಒಬ್ಬರನ್ನ ಅರಣ್ಯ ಇಲಾಖೆ ಕರ್ಕೊಂಡು ಹೋಗಿತ್ತಲ್ಲ. ಕಾಗದ ಏನಾದ್ರೂ ಇದೆಯಾ ಅಂತ ತಾತನ ಕಬ್ಬಿಣದ ಪೆಟ್ಟಿಗೆ ತೆಗೆದೆ.

ಇತ್ತು. ಪಹಣಿ ಮಧ್ಯೆ ಮಡಚಿಟ್ಟಿದ್ದ ಮಾಲೀಕತ್ವದ ಪ್ರಮಾಣಪತ್ರ, ತಾತನ ಹೆಸರಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದಾಗ ಘೋಷಣೆ ಮಾಡದೆ ಬಿಟ್ಟವರಿಗೆ 2003ರಲ್ಲಿ ಕೇಂದ್ರ ಸರ್ಕಾರ 180 ದಿನದ ಇನ್ನೊಂದು ಅವಕಾಶ ಕೊಟ್ಟಿತ್ತು. ತಾತ ಆಗ ಅರ್ಜಿ ಹಾಕಿದ್ದಾರೆ. ಮನೆಯಲ್ಲಿ ಒಬ್ಬರಿಗೂ ಹೇಳಿಲ್ಲ.

ಅಬ್ಬಾ ಅಂದ್ಕೊಂಡು ಕಾಯ್ದೆ ಓದೋಕೆ ಕೂತೆ. 40ನೇ ಸೆಕ್ಷನ್ನಲ್ಲಿ ಇನ್ನೊಂದು ಮಾತಿದೆ: ಇಂಥ ವಸ್ತು ಪಿತ್ರಾರ್ಜಿತವಾಗಿ ಬಂದರೆ, ಬಂದವರು 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಕ್ಯಾಲೆಂಡರ್ ತೆಗೆದು ಎಣಿಸಿದೆ. 71 ದಿನ ಆಗಿಹೋಗಿತ್ತು.

ರಾತ್ರಿ ಎಲ್ಲರನ್ನೂ ಕೂರಿಸಿ ಹೇಳಿದೆ. ಅಪ್ಪನ ಮೊದಲ ಮಾತು, ‘ಹಿತ್ತಲಲ್ಲಿ ಸುಟ್ಟುಬಿಡೋಣ, ಯಾಕೆ ತಲೆನೋವು.’ ಸುಮ್ಮನೆ ಸುಡೋ ಹಾಗೂ ಇಲ್ಲ. ಕಾನೂನುಬದ್ಧ ಕಾಗದ ಇಲ್ಲದೆ ಹೋದ್ರೆ ಅದು ಸರ್ಕಾರದ ಆಸ್ತಿ, ಅನುಮತಿ ಇಲ್ಲದೆ ನಾಶ ಮಾಡೋದೂ ಅಪರಾಧ. ಮಾರೋಕಾಗಲ್ಲ, ಪ್ರಮಾಣಪತ್ರ ಇದ್ರೂ ಆಗಲ್ಲ. ಕೃಷ್ಣಮೃಗ ಅನುಸೂಚಿ 1ರ ಪ್ರಾಣಿ, ತಪ್ಪು ಸಾಬೀತಾದ್ರೆ 3ರಿಂದ 7 ವರ್ಷ ಜೈಲು. ಚಿಕ್ಕಪ್ಪ ಆಮೇಲೆ ಫ್ಲ್ಯಾಟಿನ ವಿಷಯ ಎತ್ತಲಿಲ್ಲ. ಇಂಥ ಆಸ್ತೀನ ಬ್ಯಾಲೆನ್ಸ್ ಶೀಟ್‌ನಲ್ಲಿ ಯಾವ ಕಡೆ ತೋರಿಸಬೇಕು ಅಂತ ನನಗೆ ಕಾಲೇಜಲ್ಲಿ ಯಾರೂ ಹೇಳಿಕೊಟ್ಟಿಲ್ಲ.

ಅಜ್ಜಿ ಇಷ್ಟು ಹೊತ್ತೂ ಸುಮ್ಮನಿದ್ರು. ಆಮೇಲೆ ಹೇಳಿದ್ರು: ‘ನಾನು ಮದುವೆಯಾಗಿ ಬಂದಾಗಿಂದ ಅದರ ಧೂಳು ಒರೆಸ್ತಾ ಇದ್ದೀನಿ. ಅದು ನಂಗೆ ಯಾವತ್ತೂ ಇಷ್ಟ ಇರಲಿಲ್ಲ. ಯಾರಾದ್ರೂ ಕೇಳಿದ್ರೇನ್ರೋ?’

ಕೇಳಿರಲಿಲ್ಲ. ನಾವೆಲ್ಲ ಅದನ್ನ ಮನೆತನದ ಗೌರವ ಅಂದ್ಕೊಂಡಿದ್ವಿ.

80ನೇ ದಿನ ಅಪ್ಪ, ನಾನು ಹೋಗಿ ಅಜ್ಜಿಯ ಹೆಸರಲ್ಲೇ ಘೋಷಣೆ ಕೊಟ್ಟು ಬಂದ್ವಿ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೇ ಕಾಗದದ ಪ್ರತಿ, ಫೋಟೋ. ಕೆಲವು ವಾರದ ಮೇಲೆ ಇಬ್ಬರು ಸಿಬ್ಬಂದಿ ಮನೆಗೆ ಬಂದು, ಟೇಪ್ ಹಿಡಿದು ಕೊಂಬಿನ ಉದ್ದ ಅಳೆದು, ಹಿಂದಿನ ಗುರುತು ತಾಳೆ ನೋಡಿ ಬರಕೊಂಡು ಹೋದ್ರು. ಕಾಫಿ ಕುಡಿದ್ರು. ಹೊಸ ಪ್ರಮಾಣಪತ್ರ ಇನ್ನೂ ಬರಬೇಕು. ಅದು ಬಂದ ಮೇಲೆ ಬೇಡ ಅನಿಸಿದ್ರೆ ಇಲಾಖೆಗೆ ಒಪ್ಪಿಸಬಹುದು. 2022ರ ತಿದ್ದುಪಡಿಯಲ್ಲಿ ಅದಕ್ಕೆ 42ಎ ಅಂತ ಸೆಕ್ಷನ್ ಇದೆ, ಪರಿಹಾರ ಏನೂ ಸಿಗಲ್ಲ. ಅಜ್ಜಿ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅಪ್ಪನಿಗೆ ಮಾತ್ರ ಇನ್ನೂ ಮನಸ್ಸಿಲ್ಲ.

ಇನ್ನು ಮೈಸೂರಿನ ಕಾರ್ಖಾನೆ. 1972ರ ಕಾನೂನು ಬಂದ ಮೇಲೆ ಗಿರಾಕಿ ರಾಗಿ ತರೋದೇ ನಿಂತುಹೋಯ್ತು, ಗಿರಣಿ ಎಷ್ಟು ದಿನ ತಿರುಗುತ್ತೆ? ಹಾಗೂ ಹೀಗೂ ಎಳೆದು 1999ರಲ್ಲಿ ಮುಚ್ಚಿತು. ಮಕ್ಕಳಲ್ಲಿ ಕೊನೆಯವರಾಗಿ ಉಳಿದಿದ್ದ ಜೂಬರ್ಟ್ ವಾನ್ ಇಂಗೆನ್ ನೂರು ತುಂಬಿಸಿ 2013ರಲ್ಲಿ ಹೋದ್ರು.

ನಿಮ್ಮ ತಾತ-ಮುತ್ತಾತಂದಿರ ಮನೆಯಲ್ಲೂ ಕೊಂಬೋ ತಲೆಯೋ ಇದ್ರೆ, ಫೋಟೋ ತೆಗೆದು ಸ್ಟೇಟಸ್ ಹಾಕೋ ಮೊದಲು ಆ ಮನೆಯ ಪೆಟ್ಟಿಗೆ ತೆಗೆದು ಕಾಗದ ಹುಡುಕಿ. ತಾರೀಕು ನೋಡಿ. ಮುಂದಿನ ವಾರ ಸಿಗ್ತೀನಿ.