ಮೇಯರರಾಗಿ ದೇಶಬಂಧುಗಳು



ದೇಶಬಂಧು ಚಿತ್ತರಂಜನದಾಸರ ತ್ಯಾಗವನ್ನು ತಾವೆಲ್ಲರೂ ಬಲ್ಲಿರಿ. ಅಲೀಪುರದ ಬಾಂಬಿನ ಮೊಕದ್ದಮೆಯಲ್ಲಿ ಅರವಿಂದರ ಪರವಾಗಿ ವಾದಿಸಿ ಗೆದ್ದ ಆ ಬ್ಯಾರಿಸ್ಟರರು ಅಸಹಕಾರದ ಕಾಲದಲ್ಲಿ ಅಪಾರ ವರಮಾನದ ವಕೀಲಿಯನ್ನು ತೊರೆದರು. ಅದರ ಬೆಲೆಯೆಷ್ಟೆಂಬುದು ವಕೀಲನಾದ ನನಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಇಂದು ನಾನು ಹೇಳಬಯಸುವುದು ಅವರು ತೊರೆದುದನ್ನಲ್ಲ, ಕೈಕೊಂಡುದನ್ನು. 1924ರ ಏಪ್ರಿಲಿನಲ್ಲಿ ಅವರು ಕಲಕತ್ತೆಯ ಮೊದಲನೆಯ ಮೇಯರರಾದರು. ಸರಕಾರದೊಡನೆ ಹೋರಾಡುವವನು ಸರಕಾರದ ಕಾಯದೆಯೇ ಹುಟ್ಟಿಸಿದ ಪೀಠದಲ್ಲಿ ಕುಳಿತು ಸಾಧಿಸುವುದೇನೆಂಬ ಶಂಕೆ ಸಹಜವಾದುದು.

ಆ ಪೀಠಕ್ಕೆ ಕಾರಣರು ಸುರೇಂದ್ರನಾಥ ಬ್ಯಾನರ್ಜಿಯವರು. 1899ರಲ್ಲಿ ಪೌರರ ಅಧಿಕಾರವನ್ನು ಮೊಟಕು ಮಾಡಿದಾಗ ರಾಜೀನಾಮೆಯಿತ್ತು ಹೊರಬಂದ 28 ಮಂದಿಯಲ್ಲಿ ಒಬ್ಬರಾದ ಅವರೇ ಮಂತ್ರಿಗಳಾಗಿ 1923ರ ಕಾಯದೆಯನ್ನು ತಂದರು. ಅದೇ ವರ್ಷದ ಚುನಾವಣೆಯಲ್ಲಿ ಸೋತರು. ಆ ವೃದ್ಧರ ಉಪಕಾರವನ್ನು ನಮ್ಮವರು ಬೇಗನೆ ಮರೆತುದು ನನಗೆ ಸರಿದೋರುವುದಿಲ್ಲ.

ದಾಸರ ಆರೋಗ್ಯ ಕೆಟ್ಟಿತ್ತು. ಪಕ್ಷದ ಭಾರವೂ ಹೆಗಲ ಮೇಲಿತ್ತು. ಆದಕಾರಣ ದಿನನಿತ್ಯದ ಆಡಳಿತಕ್ಕೆ 27 ವರ್ಷದ ಸುಭಾಷಚಂದ್ರ ಬೋಸರನ್ನು ಮುಖ್ಯಾಧಿಕಾರಿಯಾಗಿ ತಂದರು. ಹುದ್ದೆಯ ಸಂಬಳ ತಿಂಗಳಿಗೆ 3000 ರೂಪಾಯಿ. ಸುಭಾಷರು ತೆಗೆದುಕೊಂಡದ್ದು 1500. ನೌಕರರು ಖಾದಿ ತೊಟ್ಟರು. ಬಾಲಕ ಬಾಲಕಿಯರಿಗೆ ಶುಲ್ಕವಿಲ್ಲದ ಪ್ರಾಥಮಿಕ ಶಾಲೆಗಳೂ, ಬಡವರ ಶಿಶುಗಳಿಗೆ ಪುಕ್ಕಟೆ ಹಾಲೂ, ಪೇಟೆಪೇಟೆಗೆ ಆರೋಗ್ಯ ಸಂಘಗಳೂ ಬಂದವು. ವೈಸರಾಯರಿಗೆ ಮೀಸಲಾಗಿದ್ದ ಪೌರಸನ್ಮಾನವು ದೇಶದ ನಾಯಕರ ಪಾಲಿಗೆ ಬಂದಿತು. ಮಹಾನಗರದ ಬೊಕ್ಕಸದ ಬೀಗದಕೈ ಬಡವನ ಕಡೆಗೆ ತಿರುಗಿದುದು ಹೀಗೆ.

ಸರಕಾರಕ್ಕೆ ಇದು ಸೈರಿಸಲಿಲ್ಲವೆಂದೇ ನನ್ನ ಎಣಿಕೆ. ಅಕ್ಟೋಬರ್ 25ರಂದು ಸುಭಾಷರನ್ನು ಹಿಡಿದರು. ಆಪಾದನೆಯ ಪಟ್ಟಿಯಿಲ್ಲ, ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ. 1818ರ ಮೂರನೆಯ ರೆಗ್ಯುಲೇಷನ್ ಒಂದೇ ಸಾಕಾಯಿತು! ನೂರಾರು ವರ್ಷದ ಆ ಹಳೆಯ ಹಾಳೆಯ ಮುಂದೆ ನಾವು ಓದಿದ ನ್ಯಾಯಶಾಸ್ತ್ರವೆಲ್ಲ ಮೂಕ. ಕೆಲಕಾಲ ಕಾರ್ಪೊರೇಷನ್ನಿನ ಕಾಗದಪತ್ರಗಳು ಅಲೀಪುರದ ಸೆರೆಮನೆಗೆ ಹೋಗಿ ಬರುತ್ತಿದ್ದವು. ಮೇಯರರು ಸಭೆಯಲ್ಲಿ ಎದ್ದುನಿಂತು, ದೇಶವನ್ನು ಪ್ರೀತಿಸುವುದು ಅಪರಾಧವಾದರೆ ಆ ಅಧಿಕಾರಿಯಷ್ಟೇ ತಾನೂ ಅಪರಾಧಿಯೆಂದು ಸಾರಿದರು. ಅಪರಾಧವನ್ನು ಅಲ್ಲಗಳೆದು ಕಕ್ಷಿಯನ್ನು ಬಿಡಿಸುವುದು ನಮ್ಮ ವೃತ್ತಿಯ ವಾಡಿಕೆ. ಅವರೋ ಕಕ್ಷಿಯ ಪಕ್ಕದಲ್ಲಿಯೇ ಕಟಕಟೆಯನ್ನೇರಿದರು.

ಆ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ಸಿಗೆ ಬಂದವರು ಇದೇ ಮೇಯರರು. ಆರು ತಿಂಗಳು ಕಳೆಯುವುದರೊಳಗೆ, 1925ರ ಜೂನ್ 16ರಂದು, ದಾರ್ಜಿಲಿಂಗದಲ್ಲಿ ತೀರಿಕೊಂಡರು. ಕಲಕತ್ತೆಯ ಶವಯಾತ್ರೆಯಲ್ಲಿ ಗಾಂಧೀಜಿಯವರಿದ್ದರು, ಸುಭಾಷರಿರಲಿಲ್ಲ. ಅವರು ಬರ್ಮಾದ ಮಂಡಾಲೆಯ ಸೆರೆಯಲ್ಲಿದ್ದರು.