ಮನೆಯ ಉಳಿತಾಯ, ಪೇಟೆಯ ಏರಿಳಿತ



ವಾಣಿಜ್ಯ ಮತ್ತು ಅರ್ಥಶಾಸ್ತ್ರ ಅಧ್ಯಾಪಕರ ಈ ಸಮ್ಮೇಳನದ ಅಧ್ಯಕ್ಷ ಸ್ಥಾನಕ್ಕೆ ನನ್ನನ್ನು ಆರಿಸಿದ್ದಕ್ಕಾಗಿ ನಿಮಗೆಲ್ಲ ಕೃತಜ್ಞನಾಗಿದ್ದೇನೆ. ಗದಗದಲ್ಲಿ ನಿಂತು ಹಣಕಾಸಿನ ಮಾತಾಡುವಾಗ ಕಣಗಿನಹಾಳವನ್ನು ನೆನೆಯದೆ ಮುಂದೆ ಹೋಗಲಾಗದು. 1904ರಲ್ಲಿ ಸಹಕಾರಿ ಪತ್ತಿನ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಪುಟ್ಟ ಊರಿನಲ್ಲಿ ಕಟ್ಟಿದ ಸಂಘ ದೇಶದ ಮೊದಲ ಸಹಕಾರಿ ಪತ್ತಿನ ಸಂಘವೆಂದು ಹೆಸರಾಯಿತು. ಸಾಹುಕಾರನ ಬಡ್ಡಿಗೆ ಸಿಕ್ಕಿ ನರಳುತ್ತಿದ್ದ ರೈತರು ತಮ್ಮ ತಮ್ಮಲ್ಲೇ ಹಣ ಕೂಡಿಸಿ, ತಮ್ಮ ತಮ್ಮಲ್ಲೇ ಸಾಲ ಕೊಟ್ಟುಕೊಳ್ಳಲು ಕಲಿತರು. ನಷ್ಟವಾದರೆ ಎಲ್ಲರೂ ಸೇರಿ ಹೊರುವುದು ಅಲ್ಲಿನ ನಿಯಮವಾಗಿತ್ತು. ಇಂದು ನಾನು ಹೇಳಬೇಕಾದ ಮಾತಿಗೆ ಆ ನಿಯಮವೇ ಅಳತೆಗೋಲು.

ನಮ್ಮ ಕಾಲದ ಹಣಕಾಸು ಪೇಟೆಯಲ್ಲಿ ಆಗಿರುವ ಅತಿ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ ಬಹಳ ಮಂದಿ ಸೆನ್ಸೆಕ್ಸ್‌ನ ಎತ್ತರವನ್ನು ತೋರಿಸುತ್ತಾರೆ. ನಾನು ಮನೆಗಳನ್ನು ತೋರಿಸುತ್ತೇನೆ. ಉಳಿತಾಯದ ಅಪಾಯವನ್ನು ಒಂದು ಕಾಲಕ್ಕೆ ಬ್ಯಾಂಕು, ಸಂಘ, ಸರ್ಕಾರಗಳು ಹೊರುತ್ತಿದ್ದವು. ಈಗ ಅದು ಮನೆಗಳ ಮೇಲೆ ಬಂದು ಕೂತಿದೆ. ಅಪಾಯ ಬಂದ ವೇಗದಲ್ಲಿ ತಿಳಿವಳಿಕೆ ಬಂದಿಲ್ಲ. ಈ ಅಂತರವನ್ನು ತುಂಬುವುದು ನಮ್ಮ ವೃತ್ತಿಯ ಕೆಲಸವೆಂಬುದೇ ನನ್ನ ಭಾಷಣದ ಸಾರ.

2020ರ ಮಾರ್ಚ್‌ನಲ್ಲಿ ಷೇರು ಇಡಲು ದೇಶದಲ್ಲಿದ್ದ ಡಿಮ್ಯಾಟ್ ಖಾತೆಗಳು ಸುಮಾರು 4 ಕೋಟಿ. 2024ರ ಕೊನೆಗೆ ಅವು 18 ಕೋಟಿ ದಾಟಿದವು. 2016ರಲ್ಲಿ ಎಸ್‌ಐಪಿ ಎಂಬ ತಿಂಗಳ ಕಂತಿನ ಮೂಲಕ ಮ್ಯೂಚುವಲ್ ಫಂಡ್‌ಗಳಿಗೆ ತಿಂಗಳಿಗೆ ಮೂರು ಸಾವಿರ ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಹರಿಯುತ್ತಿದ್ದ ಹಣ 2024ರ ಡಿಸೆಂಬರ್ ಹೊತ್ತಿಗೆ 26 ಸಾವಿರ ಕೋಟಿ ಮುಟ್ಟಿತು. ಇದನ್ನು ದುರಾಸೆಯೆಂದು ತಳ್ಳಿಹಾಕುವುದು ಅನ್ಯಾಯ. ರಿಸರ್ವ್ ಬ್ಯಾಂಕ್ 2020ರ ಮೇ ತಿಂಗಳಿಂದ ಎರಡು ವರ್ಷ, ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಶೇ 4ರಲ್ಲೇ ಇಟ್ಟಿತ್ತು. 2022ರ ಏಪ್ರಿಲ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 7.79ಕ್ಕೆ ಏರಿದಾಗ ಒಂದು ವರ್ಷದ ಠೇವಣಿಗೆ ದೊಡ್ಡ ಬ್ಯಾಂಕುಗಳು ಕೊಡುತ್ತಿದ್ದ ಬಡ್ಡಿ ಶೇ 5ರ ಸುತ್ತಮುತ್ತ ಇತ್ತು. ಅಂದರೆ ಠೇವಣಿ ಇಟ್ಟವರ ಹಣ ಪಾಸ್‌ಬುಕ್ಕಿನಲ್ಲಿ ಬೆಳೆಯುತ್ತಿದ್ದರೂ ಸಂತೆಯಲ್ಲಿ ಕರಗುತ್ತಿತ್ತು. ಕೈಯಲ್ಲಿದ್ದ ಮೊಬೈಲಿನಲ್ಲೇ ಕೆಲವು ನಿಮಿಷಗಳಲ್ಲಿ ಖಾತೆ ತೆರೆಯುವ ಅನುಕೂಲ ಅದೇ ಕಾಲಕ್ಕೆ ಬಂತು. ಜನ ಪೇಟೆಯ ಕಡೆ ನಡೆದರು. ನಡೆದದ್ದು ತಪ್ಪಲ್ಲ. ಆದರೆ ಬ್ಯಾಂಕಿನಿಂದ ಸಾಲ ಪಡೆದವನು ಕೈಯೆತ್ತಿದರೆ ಠೇವಣಿದಾರನ ಅಸಲು ಕರಗುವುದಿಲ್ಲ. ಬ್ಯಾಂಕೇ ಮುಳುಗಿದರೂ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಪೇಟೆಯಲ್ಲಿ ಹಾಕಿದ ಹಣಕ್ಕೆ ಆ ಆಸರೆಯಿಲ್ಲ. ಈ ವ್ಯತ್ಯಾಸವನ್ನು ತಿಳಿದು ಹೋದವರೆಷ್ಟು, ತಿಳಿಯದೆ ಹೋದವರೆಷ್ಟು ಎಂಬುದು ನನ್ನ ಚಿಂತೆ.

ಇನ್ನು ಸೂಚ್ಯಂಕದ ವಿಷಯ. ಸೆನ್ಸೆಕ್ಸ್ ಎಂದರೆ ಮೂವತ್ತು ದೊಡ್ಡ ಕಂಪನಿಗಳ ಷೇರು ಬೆಲೆಯ ಸಾರಾಂಶ. ದೇಶದ ದುಡಿಯುವ ಜನರಲ್ಲಿ ಶೇ 46ರಷ್ಟು ಮಂದಿ ಕೃಷಿಯಲ್ಲಿದ್ದಾರೆ ಎನ್ನುತ್ತದೆ 2023–24ರ ಕಾರ್ಮಿಕ ಬಲ ಸಮೀಕ್ಷೆ. ಅವರ ಬೆಳೆ, ಅವರ ಕೂಲಿ, ನಮ್ಮ ಗದಗ–ಬೆಟಗೇರಿಯ ಮಗ್ಗ, ಊರ ಬಾಗಿಲಿನ ಕಿರಾಣಿ ಅಂಗಡಿ, ಯಾವುದಕ್ಕೂ ಆ ಮೂವತ್ತರಲ್ಲಿ ಜಾಗವಿಲ್ಲ. 2020–21ರಲ್ಲಿ ಕೋವಿಡ್ ಹೊಡೆತಕ್ಕೆ ದೇಶದ ಜಿಡಿಪಿ ಕುಗ್ಗಿತು. ಅದೇ ಆರ್ಥಿಕ ವರ್ಷದಲ್ಲಿ ಸೆನ್ಸೆಕ್ಸ್ 29 ಸಾವಿರದ ಮಟ್ಟದಿಂದ 49 ಸಾವಿರದ ಮಟ್ಟಕ್ಕೆ ಏರಿತು. ಕೂಲಿಕಾರರು ನಡೆದು ಊರು ಸೇರಿದ ವರ್ಷವೇ ಹೂಡಿಕೆದಾರರಿಗೆ ಸಮೃದ್ಧಿಯ ವರ್ಷವಾಯಿತು. ಕಾರಣ ಗೂಢವಾದದ್ದೇನಲ್ಲ. ಷೇರಿನ ಬೆಲೆ ಇಂದಿನ ವಹಿವಾಟಿಗಿಂತ ಮುಂದಿನ ಲಾಭದ ನಿರೀಕ್ಷೆಯನ್ನು ನೋಡುತ್ತದೆ. ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ, ಬಾಂಡ್‌ಗಳನ್ನು ಕೊಂಡು ಹಣ ಹರಿಸಿದಾಗ ಆ ಹಣ ಜಗತ್ತಿನ ಎಲ್ಲ ಷೇರುಪೇಟೆಗಳನ್ನೂ ಹುಡುಕಿಕೊಂಡು ಬಂತು. ಬಾಗಿಲು ಹಾಕಿದ ಸಣ್ಣ ಉದ್ಯಮಗಳ ಗಿರಾಕಿಗಳು ದೊಡ್ಡ ಕಂಪನಿಗಳ ಪಾಲಾದರು.

ಇದಕ್ಕೆ ತಿರುಗುಮುರುಗಾದದ್ದನ್ನೂ ಕಂಡಿದ್ದೇವೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಸೆನ್ಸೆಕ್ಸ್ 85 ಸಾವಿರ ದಾಟಿತ್ತು. 2025ರ ಫೆಬ್ರುವರಿ ಮುಗಿಯುವಾಗ ಅದು 73 ಸಾವಿರದ ಹತ್ತಿರ ಇತ್ತು. ಆ ಅವಧಿಯಲ್ಲಿ ದೇಶದ ಆರ್ಥಿಕತೆ ಬೆಳೆಯುತ್ತಲೇ ಇತ್ತು. ಷೇರುಗಳ ಬೆಲೆ ಕಂಪನಿಗಳ ಗಳಿಕೆಯನ್ನು ಮೀರಿ ಏರಿತ್ತು. ಚೀನಾ ತನ್ನ ಆರ್ಥಿಕತೆಗೆ ಉತ್ತೇಜನ ಘೋಷಿಸಿತ್ತು, ಡಾಲರ್ ಬಲವಾಗಿತ್ತು. ಹೀಗಾಗಿ ವಿದೇಶಿ ಹೂಡಿಕೆದಾರರು 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ನಿವ್ವಳವಾಗಿ ಸುಮಾರು 94 ಸಾವಿರ ಕೋಟಿ ರೂಪಾಯಿ ಮೌಲ್ಯದ ಷೇರು ಮಾರಿದರು. ಆದ್ದರಿಂದ ಸೂಚ್ಯಂಕ ಏರಿದ ದಿನ ದೇಶ ಉದ್ಧಾರವಾಯಿತೆಂದೂ ಇಳಿದ ದಿನ ಮುಳುಗಿತೆಂದೂ ತರಗತಿಯಲ್ಲಿ ಯಾರೂ ಹೇಳದಿರಲಿ.

ವಿದೇಶಿಯರ ಈ ಮಾರಾಟದ ಹಿಂದೆ ಇನ್ನೊಂದು ಪಾಠವಿದೆ. 2008ರಲ್ಲಿ ವಿದೇಶಿಯರು ಮಾರಿದಾಗ ಕೊಳ್ಳುವ ಕೈಗಳು ನಮ್ಮಲ್ಲಿ ಕಡಿಮೆಯಿದ್ದವು. ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. 2024ರಲ್ಲಿ ಹಾಗಾಗಲಿಲ್ಲ. ತಿಂಗಳು ತಿಂಗಳು ಬರುವ ಎಸ್‌ಐಪಿ ಹಣ ಪೇಟೆಯನ್ನು ಹಿಡಿದು ನಿಲ್ಲಿಸಿತು. ಶಿಕ್ಷಕರ, ದಾದಿಯರ, ಅಂಗಡಿಕಾರರ ಉಳಿತಾಯ ದೇಶದ ಬಂಡವಾಳ ಪೇಟೆಗೆ ಬೆನ್ನೆಲುಬಾದದ್ದು ಹೆಮ್ಮೆಯ ಸಂಗತಿ. ಆದರೆ ವಿದೇಶಿಯರು ಎತ್ತರದ ಬೆಲೆಗೆ ಮಾರಿ ಹೊರಟಾಗ ಆ ಬೆಲೆಗೆ ಕೊಂಡವರೂ ಇವರೇ ಎಂಬುದನ್ನು ಮರೆಯಬಾರದು. ದೀರ್ಘಕಾಲ ಕಾದರೆ ಷೇರು ಎಂದೂ ಕೈಬಿಡದು ಎಂಬ ಮಾತನ್ನು ಜಾಹೀರಾತುಗಳು ದಿನವೂ ಉರುಹೊಡೆಸುತ್ತವೆ. ಆದರೆ ಜಪಾನಿನ ನಿಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ಮುಟ್ಟಿದ್ದು 2024ರ ಫೆಬ್ರುವರಿಯಲ್ಲಿ. ಮೂವತ್ತನಾಲ್ಕು ವರ್ಷವೆಂದರೆ ಒಬ್ಬ ನೌಕರನ ಇಡೀ ಸೇವಾವಧಿ. ಯಾವ ಬೆಲೆಗೆ ಕೊಂಡೆವು ಎಂಬುದು ಎಷ್ಟು ಕಾಲ ಕಾದೆವು ಎಂಬುದರಷ್ಟೇ ಮುಖ್ಯ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಅದು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು. 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪ್ರಕಟಿಸಿದ ಅಧ್ಯಯನವನ್ನು ಇಲ್ಲಿರುವ ಪ್ರತಿಯೊಬ್ಬರೂ ಓದಬೇಕು. 2021–22ರಿಂದ ಮೂರು ವರ್ಷಗಳಲ್ಲಿ ಈ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮೇಲೆ. ವಹಿವಾಟು ನಡೆಸಿದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಮಂದಿ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು. 2023–24ರಲ್ಲಿ ವಹಿವಾಟು ನಡೆಸಿದವರಲ್ಲಿ ಶೇ 43ರಷ್ಟು ಮಂದಿ ಮೂವತ್ತು ವರ್ಷದೊಳಗಿನವರು. ಅಂದರೆ ನಾವು ನಿನ್ನೆ ಮೊನ್ನೆ ಪಾಠ ಹೇಳಿದ ಮಕ್ಕಳು.

ಇದರ ಒಳಗುಟ್ಟನ್ನು ಅವರಿಗೆ ಬಿಡಿಸಿ ಹೇಳಬೇಕು. ಷೇರು ಕೊಂಡವನಿಗೆ ಕಂಪನಿಯ ಲಾಭದಲ್ಲಿ ಪಾಲಿದೆ. ಕಂಪನಿ ಬೆಳೆದರೆ ಎಲ್ಲ ಷೇರುದಾರರೂ ಒಟ್ಟಿಗೆ ಬೆಳೆಯಬಹುದು. ಆಪ್ಷನ್ ಹಾಗಲ್ಲ. ನಿಗದಿತ ದಿನಕ್ಕೆ ನಿಗದಿತ ಬೆಲೆಯಲ್ಲಿ ಕೊಳ್ಳುವ ಅಥವಾ ಮಾರುವ ಹಕ್ಕಿಗೆ ಕೊಳ್ಳುವವನು ಪ್ರೀಮಿಯಂ ತೆರುತ್ತಾನೆ. ದಿನ ಕಳೆದಂತೆ ಆ ಹಕ್ಕಿನ ಬೆಲೆ ಸವೆಯುತ್ತದೆ. ಅವನ ಅಂದಾಜು ತಪ್ಪಿದರೆ ಕೊಟ್ಟ ಹಣವೆಲ್ಲ ಹೋಗುತ್ತದೆ. ಇಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟ. ಅದರ ಮೇಲೆ ದಲ್ಲಾಳಿ ಶುಲ್ಕ, ತೆರಿಗೆ ಬೇರೆ. ಎದುರಿಗೆ ಕೂತಿರುವುದು ಕ್ಷಣದ ಸಣ್ಣ ತುಣುಕಿನಲ್ಲಿ ನಿರ್ಧಾರ ಮಾಡುವ ದೊಡ್ಡ ಸಂಸ್ಥೆಗಳ ಕಂಪ್ಯೂಟರ್‌ಗಳು. ಸೆಬಿ 2024ರ ನವೆಂಬರ್‌ನಿಂದ ಕಾಂಟ್ರಾಕ್ಟ್‌ನ ಕನಿಷ್ಠ ಮೌಲ್ಯವನ್ನು 15 ಲಕ್ಷಕ್ಕೆ ಏರಿಸಿ, ವಾರದ ಆಪ್ಷನ್‌ಗಳನ್ನು ಪ್ರತಿ ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕಕ್ಕೆ ಮಿತಿಗೊಳಿಸಿದ್ದು ಸ್ವಾಗತಾರ್ಹ. ಆದರೂ 2024–25ರಲ್ಲಿ ಶೇ 91ರಷ್ಟು ಮಂದಿ ನಷ್ಟ ಅನುಭವಿಸಿದರು, ನಷ್ಟದ ಮೊತ್ತ ಒಂದು ಲಕ್ಷ ಕೋಟಿ ದಾಟಿತು. ಕಾನೂನು ಒಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮನೆಯ ಲೆಕ್ಕದ ಇನ್ನೊಂದು ಬದಿ ಸಾಲ. 2020–21ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ 11 ದಾಟಿತ್ತು. 2022–23ರಲ್ಲಿ ಅದು ಶೇ 5ರ ಆಸುಪಾಸಿಗೆ ಇಳಿಯಿತು. ಕೋವಿಡ್ ಕಾಲದಲ್ಲಿ ಖರ್ಚಿಗೆ ದಾರಿಯಿಲ್ಲದೆ ಉಳಿದ ಹಣ ಆಮೇಲೆ ಕರಗಿದ್ದು ಒಂದು ಕಾರಣವಾದರೆ, ಕುಟುಂಬಗಳ ಸಾಲ ವೇಗವಾಗಿ ಬೆಳೆದದ್ದು ಇನ್ನೊಂದು. ಮನೆ ಕಟ್ಟಲು, ಮಕ್ಕಳನ್ನು ಓದಿಸಲು ತಂದ ಸಾಲ ಮುಂದೆ ಆಸ್ತಿಯಾಗುತ್ತದೆ. ಮೊಬೈಲಿಗೆ, ಮದುವೆಗೆ, ಹಳೆಯ ಸಾಲ ತೀರಿಸಲಿಕ್ಕೆ ತಂದ ಸಾಲ ಹಾಗಾಗುವುದಿಲ್ಲ. ಅಡಮಾನವಿಲ್ಲದ ಗ್ರಾಹಕ ಸಾಲಗಳ ಓಟ ಕಂಡು ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಲಗಾಮು ಬಿಗಿಮಾಡಿತು. ನಮ್ಮ ರಾಜ್ಯದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳಕ್ಕೆ ಬೇಸತ್ತು ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು 2025ರ ಆರಂಭದಲ್ಲಿ ಸಾಲುಸಾಲಾಗಿ ಬಂದವು. ಸರ್ಕಾರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಮತ್ತು 5 ಲಕ್ಷದವರೆಗೆ ದಂಡ ನಿಗದಿಪಡಿಸಿತು. ಸೂಚ್ಯಂಕ ದಾಖಲೆ ಬರೆದು ಆರು ತಿಂಗಳೂ ಆಗಿರಲಿಲ್ಲ ಎಂಬುದನ್ನು ಗಮನಿಸಿ.

ಚಿನ್ನದ ಕತೆಯೂ ಸಾಲದ ಈ ಲೆಕ್ಕಕ್ಕೆ ಸೇರಿದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಪಾಶ್ಚಾತ್ಯ ದೇಶಗಳು ರಷ್ಯಾದ ವಿದೇಶಿ ವಿನಿಮಯ ಸಂಗ್ರಹವನ್ನು ತಡೆಹಿಡಿದವು. ಡಾಲರ್ ಇಟ್ಟುಕೊಂಡರೆ ಬೇಕಾದಾಗ ಸಿಗುತ್ತದೆಂಬ ನಂಬಿಕೆ ಅಲುಗಿತು. ಅಂದಿನಿಂದ ಮೂರು ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ನಮ್ಮಲ್ಲಿ ಲಕ್ಷ ರೂಪಾಯಿ ಮುಟ್ಟಿತು. ದೂರದ ಆ ನಿರ್ಧಾರಗಳು ಗದಗ ಜಿಲ್ಲೆಯ ಹೆಣ್ಣುಮಗಳ ಕೊರಳಿನ ಸರದ ಬೆಲೆಯನ್ನು ಏರಿಸಿದವು. ಅದೇ ಸರಕ್ಕೆ ಮೊದಲಿಗಿಂತ ದೊಡ್ಡ ಸಾಲ ಸಿಗುವಂತಾಯಿತು. 2.5 ಲಕ್ಷ ರೂಪಾಯಿವರೆಗಿನ ಚಿನ್ನದ ಸಾಲಕ್ಕೆ ಒಡವೆಯ ಮೌಲ್ಯದ ಶೇ 85ರವರೆಗೂ ಕೊಡಬಹುದೆಂದು 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಕಷ್ಟಕಾಲಕ್ಕೆ ಇದು ಆಸರೆ, ಸಾಹುಕಾರನ ಬಡ್ಡಿಗಿಂತ ಎಷ್ಟೋ ಮೇಲು. ಆದರೆ ಏರಿದ ಬೆಲೆಯ ಮೇಲೆ ತಂದ ಸಾಲ ಬೆಲೆ ಇಳಿದಾಗ ಕಡಿಮೆಯಾಗುವುದಿಲ್ಲ. ಕಂತು ತಪ್ಪಿದರೆ ಒಡವೆ ಹರಾಜಿಗೆ ಹೋಗುತ್ತದೆ.

ಹಣದುಬ್ಬರದ ಅಂಕಿಯನ್ನೂ ಎರಡೂ ಕಡೆಯಿಂದ ಓದಬೇಕು. 2025ರ ಜುಲೈನಲ್ಲಿ ಅದು ಶೇ 1.55ಕ್ಕೆ ಇಳಿಯಿತು. ಅಷ್ಟರೊಳಗೆ ರೆಪೊ ದರ ಶೇ 6.5ರಿಂದ 5.5ಕ್ಕೆ ಬಂದಿತ್ತು. ಠೇವಣಿಯ ಬಡ್ಡಿ ಇಳಿಯಿತೆಂದು ನಿವೃತ್ತರು ಬೇಸರಪಟ್ಟರೂ, ಬೆಲೆಯೇರಿಕೆ ಕಳೆದು ಉಳಿಯುವ ನಿಜವಾದ ಬಡ್ಡಿ 2022ಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ಹಣದುಬ್ಬರ ಇಳಿಯಲು ಮುಖ್ಯ ಕಾರಣ ಆಹಾರ ಪದಾರ್ಥಗಳ ಬೆಲೆ ಕುಸಿದದ್ದು. ಬೆಂಗಳೂರಿನ ಅಡುಗೆಮನೆಗೆ ಉಳಿತಾಯವಾದ ಹಣ ಈ ಭಾಗದ ಈರುಳ್ಳಿ ಬೆಳೆಗಾರನ ಕೈತಪ್ಪಿದ ಆದಾಯವೂ ಹೌದು. ಒಂದೇ ಅಂಕಿ ಯಾರಿಗೆ ಏನಾಗುತ್ತದೆ ಎಂದು ಕೇಳುವುದನ್ನು ಕಲಿಸಿದರೆ ಅರ್ಥಶಾಸ್ತ್ರದ ಅರ್ಧ ಪಾಠ ಮುಗಿದಂತೆ.

ಮಿತ್ರರೇ, ನಮ್ಮ ನಾಡಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆಯನ್ನು ಕಟ್ಟಿದರು. ಆ ಬ್ಯಾಂಕು 1928ರಲ್ಲಿ ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟನು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಪಡೆದು ಹೋಗುತ್ತಿದ್ದ. ಎರಡಾಣೆ ಕೊಟ್ಟವನ ಬಳಿಗೆ ಬ್ಯಾಂಕು ತಾನೇ ಹೋಯಿತು. ಆ ಹಣದ ಹೊಣೆಯನ್ನೂ ತಾನೇ ಹೊತ್ತಿತು. ಇಂದಿನ ಆ್ಯಪ್‌ಗಳು ಮನೆಬಾಗಿಲಿಗೆ ಬರುವುದನ್ನು ಕಲಿತಿವೆ, ಹೊಣೆ ಹೊರುವುದನ್ನು ಕಲಿತಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಹೋದರೂ ಸಣ್ಣ ಉಳಿತಾಯಗಾರನನ್ನು ಗೌರವದಿಂದ ಕಂಡ ಆ ನೀತಿ ಉಳಿಯಬೇಕು.

ಅದಕ್ಕಾಗಿ ಈ ಸಮ್ಮೇಳನದ ಮುಂದೆ ನಾಲ್ಕು ಬೇಡಿಕೆ ಇಡುತ್ತೇನೆ. ಒಂದು, ಪಿಯುಸಿ ಮತ್ತು ಪದವಿಯ ಎಲ್ಲ ವಿಭಾಗಗಳ ವಿದ್ಯಾರ್ಥಿಗಳಿಗೂ ಚಕ್ರಬಡ್ಡಿ, ಹಣದುಬ್ಬರ, ವಿಮೆ, ಸಾಲದ ನಿಜವಾದ ವೆಚ್ಚ, ಆಪ್ಷನ್ಸ್ ನಷ್ಟದ ಲೆಕ್ಕ ಕಡ್ಡಾಯ ಪಾಠವಾಗಲಿ. ಎರಡು, ಕರ್ನಾಟಕದಲ್ಲಿ ಹಣ ಸಂಗ್ರಹಿಸುವ ಪ್ರತಿ ಸಂಸ್ಥೆಯೂ ಗ್ರಾಹಕ ಸಹಿ ಹಾಕುವ ಮುನ್ನ ಷರತ್ತುಗಳನ್ನು ತಿಳಿಗನ್ನಡದಲ್ಲಿ ಕೊಡಲಿ; ನಷ್ಟದ ಸಾಧ್ಯತೆ ಮೊದಲ ಪುಟದಲ್ಲೇ ಇರಲಿ. ಮೂರು, ಸಹಕಾರಿ ಬ್ಯಾಂಕುಗಳ ಠೇವಣಿಗೆ ಇರುವ ವಿಮೆ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಇಲ್ಲ ಎಂಬುದನ್ನು ಪ್ರತಿ ಸಂಘದ ಗೋಡೆಯ ಮೇಲೆ ಬರೆಸಲಿ; ಲೆಕ್ಕ ಪರಿಶೋಧನೆ ಕಾಲಕಾಲಕ್ಕೆ ನಡೆದು ಸದಸ್ಯರ ಕೈಸೇರಲಿ; ಅಂಥದೇ ವಿಮಾ ರಕ್ಷಣೆಯನ್ನು ಸರ್ಕಾರ ಈ ಸಂಘಗಳಿಗೂ ಒದಗಿಸಲಿ. ನಾಲ್ಕು, ನಮ್ಮ ಕಾಲೇಜುಗಳು ತಮ್ಮ ತಮ್ಮ ತಾಲ್ಲೂಕಿನ ಕುಟುಂಬಗಳ ಉಳಿತಾಯ ಮತ್ತು ಸಾಲದ ಸಮೀಕ್ಷೆಯನ್ನು ಪ್ರತಿ ವರ್ಷ ನಡೆಸಲಿ. ಮುಂಬೈಯ ಸೂಚ್ಯಂಕ ನಿಮಿಷ ನಿಮಿಷಕ್ಕೂ ಸಿಗುತ್ತದೆ. ನಮ್ಮ ಊರಿನ ಮನೆಗಳ ಸ್ಥಿತಿ ನಮ್ಮ ಹೊರತು ಬೇರೆ ಯಾರೂ ಬರೆದಿಡುವುದಿಲ್ಲ.

ಪೇಟೆಗೆ ಹೆದರಿ ದೂರ ನಿಲ್ಲಿರೆಂದು ನಾನು ಹೇಳುತ್ತಿಲ್ಲ. ದೇಶದ ಉದ್ಯಮಗಳಿಗೆ ಬಂಡವಾಳ ಬೇಕು, ಅವುಗಳ ಬೆಳವಣಿಗೆಯಲ್ಲಿ ಸಾಮಾನ್ಯ ಜನರಿಗೂ ಪಾಲು ಸಿಗಬೇಕು. ತುರ್ತಿಗೆ ಬೇಕಾದ ಹಣವನ್ನು ಬ್ಯಾಂಕಿನಲ್ಲಿಟ್ಟು, ಕುಟುಂಬಕ್ಕೆ ವಿಮೆ ಮಾಡಿಸಿ, ಉಳಿದದ್ದರಲ್ಲಿ ಒಂದು ಭಾಗವನ್ನು ತಿಳಿದು ತಾಳ್ಮೆಯಿಂದ ಹೂಡುವವನಿಗೆ ಪೇಟೆ ಶತ್ರುವಲ್ಲ. ಸಾಲ ತಂದು, ಅವಸರದಲ್ಲಿ, ಯಾರದೋ ವಿಡಿಯೊ ನಂಬಿ ಬರುವವನಿಗೆ ಅದು ಮಿತ್ರನೂ ಅಲ್ಲ. ಈ ಎರಡರ ನಡುವಿನ ಅಂತರವನ್ನು ತಿಳಿಸಿ ಹೇಳುವ ಶಕ್ತಿ ನಮ್ಮ ತರಗತಿಗಳಿಗಿದೆ. ಈ ಕೆಲಸವನ್ನು ಈ ಶೈಕ್ಷಣಿಕ ವರ್ಷದಿಂದಲೇ ಶುರುಮಾಡೋಣ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.